ಸಾಲಿನ ಕೊನೆಯ ಸವಾರ

ಸಂಜೆಯ ನಮಾಜು ಮುಗಿಸಿಕೊಂಡು ಬಂದ ತಾನಿಮು ತನ್ನ ಅಂಗಡಿಯ ಹೊಸ್ತಿಲಲ್ಲಿ ಕೂತು, ಅಂಗೈಗೆ ಕಟ್ಟಿಕೊಂಡಿದ್ದ ಟೈರಿನ ತುಂಡುಗಳನ್ನು ಬಿಚ್ಚಿದ. ಅವುಗಳ ಗೀರುಗಳಲ್ಲಿ ಕುದುರೆಯ ಲದ್ದಿ ಮೆತ್ತಿಕೊಂಡಿತ್ತು. ಕಡ್ಡಿಯಿಂದ ಅದನ್ನು ಕೆರೆದು ತೆಗೆದು, ಬಕೆಟ್ಟಿನ ನೀರಿನಲ್ಲಿ ತಿಕ್ಕಿ ತೊಳೆದ. ಆಮೇಲೆ ಮೊಣಕಾಲಿನ ಪಟ್ಟಿಗಳನ್ನು ಬಿಚ್ಚಿ ಅವನ್ನೂ ತೊಳೆದ. ಮೂರು ವರ್ಷದವನಿದ್ದಾಗ ಬಂದ ಪೋಲಿಯೊ ಅವನ ಎರಡೂ ಕಾಲುಗಳನ್ನು ಒಣಗಿಸಿಬಿಟ್ಟಿತ್ತು. ದೊಡ್ಡವನಾದಾಗಿನಿಂದ ಈ ಐವತ್ತರ ವಯಸ್ಸಿನವರೆಗೆ ಬಿರ್ನಿನ್ ಗಾರಾ ಊರಿನ ಓಣಿಗಳನ್ನೆಲ್ಲ ಅವನು ಕೈಯೂರಿಯೇ ದಾಟಿದ್ದ. ಯಾರೋ ಒಮ್ಮೆ ಕೈಯಿಂದ ತಿರುಗಿಸುವ ಗಾಡಿ ಕೊಡಿಸಿದ್ದರು. ಆದರೆ ಹಳೇ ಊರಿನ ಚರಂಡಿಗಳನ್ನೂ ಉಬ್ಬುತಗ್ಗುಗಳನ್ನೂ ಅದು ದಾಟುತ್ತಿರಲಿಲ್ಲ. ಅದೀಗ ಹಿತ್ತಲಿನಲ್ಲಿ ಕೋಳಿಗಳಿಗೆ ಮಲಗುವ ಜಾಗವಾಗಿತ್ತು.

ಕಾಲು ಸೋತಿದ್ದರೂ ತಾನಿಮುವಿನ ಕೈ ಸಾಮಾನ್ಯವಾದ ಕೈಯಲ್ಲ. ಊರಿನ ದೊರೆಯಾದ ಅಮೀರರ ಅರಮನೆಯ ಕುದುರೆಗಳು ಬಕ್ರೀದಿನ ಈದ್ ಮೆರವಣಿಗೆಯಲ್ಲಿ ತೊಡುವ ಕೆಂಪು ತೊಗಲಿನ ಎದೆಪಟ್ಟಿ, ಲಗಾಮು, ಜೀನಿನ ಹೊದಿಕೆಗಳನ್ನೆಲ್ಲ ಅವನೇ ಹೊಲಿಯಬೇಕು. ಬೇರೆಯವರ ಹೊಲಿಗೆಯನ್ನು ಸವಾರರು ಒಪ್ಪುತ್ತಿರಲಿಲ್ಲ. ಗೌರವದಿಂದ ಅವನನ್ನು 'ಮಾಲಂ' ಎಂದೇ ಕರೆಯುತ್ತಿದ್ದರು.

ಆ ದಿನವೂ ಲವ್ವಲಿ ತನ್ನ ಬಿಳಿ ಕುದುರೆಗೆ ಎದೆಪಟ್ಟಿಯ ಅಳತೆ ಕೊಡಲು ಬಂದಿದ್ದ. ಲವ್ವಲಿಗೆ ಮೂವತ್ತೆಂಟು ವರ್ಷ. ಮೆರವಣಿಗೆಯಲ್ಲಿ ಅಮೀರರ ಹಿಂದೆ ಮೂರನೆಯ ಕುದುರೆ ಅವನದು. ಆ ಜಾಗ ಸಿಕ್ಕಿ ಎರಡೇ ವರ್ಷವಾಗಿತ್ತು. ಅವನು ಜೀನಿನಿಂದ ಇಳಿಯದೆ ಅಲ್ಲಿಂದಲೇ ಮಾತಾಡಿದ.

"ಏನು ಮಾಲಂ, ಈ ಸಲ ನನ್ನ ಕುದುರೆ ನೋಡಿ ಮದುವಣಗಿತ್ತೀನೂ ಹೊಟ್ಟೆ ಉರ್ಕೋಬೇಕು. ಹಂಗೆ ಹೊಲಿದುಕೊಡಿ."

"ಹೊಲಿಯೋಣ," ಎಂದ ತಾನಿಮು, ಕೈ ಒರೆಸಿಕೊಳ್ಳುತ್ತ. "ನನ್ನದೂ ಒಂದು ಮಾತಿದೆ, ಕೇಳ್ತೀಯಾ?"

"ಹೇಳಿ."

"ದಿನಾ ಸಂಜೆ ನೀವು ನಲವತ್ತು ಕುದುರೆ ಈ ಓಣಿಯಲ್ಲಿ ಓಡಿಸ್ತೀರಿ. ಓಡಿಸಿ, ಬೇಡ ಅನ್ನಲ್ಲ. ಆದ್ರೆ ಹಿಂದೆ ಒಬ್ಬ ಲದ್ದಿ ಎತ್ಕೊಂಡು ಬರೋ ಹಾಗೆ ಮಾಡಿ. ನಡೆಯೋರು ದಾಟಿಕೊಂಡು ಹೋಗ್ತಾರೆ, ಚಪ್ಪಲಿ ತೊಳ್ಕೋತಾರೆ. ನಾನು ಅದರಲ್ಲೇ ಕೈ ಇಡ್ಬೇಕು ಕಣಯ್ಯಾ. ನಮಾಜಿಗೆ ಅಂತ ತೊಳ್ಕೊಂಡು ಹೊರಡ್ತೀನಿ, ಮಸೀದಿ ಬಾಗಿಲಿಗೆ ಹೋಗೋಷ್ಟರಲ್ಲಿ ಮತ್ತೆ ಮೊದಲಿಂದ ತೊಳೀಬೇಕು."

ಲವ್ವಲಿ ನಕ್ಕ. ಅದು ಕೆಟ್ಟ ನಗುವೇನೂ ಆಗಿರಲಿಲ್ಲ. "ಕುದುರೆಗೆ ನಾನೇನು ಹೇಳ್ಲಿ ಮಾಲಂ? ತಡ್ಕೋ ಅಂತೀನಾ? ಹುಲ್ಲು ತಿನ್ನೋ ಜೀವ, ಅದರದೂ ಹುಲ್ಲೇ. ಎರಡು ದಿನ ಬಿಸಿಲು ಬಿದ್ರೆ ಗಾಳಿಗೆ ಹಾರಿಹೋಗತ್ತೆ. ಮುಂಚೆ ತೋಟದೋರು ಕತ್ತೆ ತಂದು ತುಂಬ್ಕೊಂಡು ಹೋಗ್ತಿದ್ರು. ಈಗ ಅವರಿಗೆ ಚೀಲದ ಗೊಬ್ಬರವೇ ಬೇಕು. ಅದಕ್ಕೆ ನಾವೇನು ಮಾಡೋಕಾಗತ್ತೆ?"

"ತೋಟದೋರು ಬರದಿದ್ರೆ ಕುದುರೆಯೋರು ಎತ್ಬೇಕು. ಕುದುರೆ ಯಾರದ್ದೋ ಲದ್ದಿ ಅವರದ್ದೇ ಅಲ್ವಾ?"

ಈಗ ಲವ್ವಲಿಯ ಮುಖದಲ್ಲಿದ್ದ ನಗು ಹೋಯಿತು. "ನಮ್ಮಜ್ಜ ಏನು ಕೆಲಸ ಮಾಡ್ತಿದ್ದ ಅಂತ ನಿಮಗೆ ಗೊತ್ತು. ಅರಮನೆ ಲಾಯದಲ್ಲಿ ಲದ್ದಿ ಬಾಚ್ತಿದ್ದ. ನಮ್ಮಪ್ಪ ಕುದುರೆ ಹಿಡ್ಕೊಂಡು ನಡೆದ. ನಾನು ಹತ್ತಿ ಕೂತೆ. ಈಗ್ಲೂ ಜಗಳ ಬಂದ್ರೆ ಜನ ಮೊದಲು ಎತ್ತೋದು ಅದನ್ನೇ, 'ಲದ್ದಿ ಬಾಚೋನ ಮೊಮ್ಮಗ' ಅಂತಾರೆ. ನೀವೂ ಹಾಗೇ ಅನ್ನಿ, ಬೇಜಾರಿಲ್ಲ. ಆದ್ರೆ ನಾನು ಮಾತ್ರ ಬಗ್ಗಲ್ಲ."

"ನಾನು ಹಾಗೆ ಅಂದೆನಾ?"

"ಅನ್ನಲಿಲ್ಲ," ಎಂದು ಲವ್ವಲಿ ಕುದುರೆಯನ್ನು ತಿರುಗಿಸಿದ.

ಮೂರು ವಾರ ಕಳೆದವು. ಅಷ್ಟರಲ್ಲಿ ಮಳೆ ಹಿಡಿಯಿತು. ತಾನಿಮುವಿನ ತಾಯಿ ಡೇಲು ಊರಿನ ಆಚೆ ತುದಿಯಲ್ಲಿ ಹಿರಿಮಗ ಬರಾವುನ ಮನೆಯಲ್ಲಿದ್ದಳು. ಅವಳಿಗೆ ಜ್ವರ ಬಂದು ಮಲಗಿದ ಮೇಲೆ ತಾನಿಮುವಿನ ಹೆಂಡತಿ ಝುಲೈ ಸೇವೆಗೆಂದು ಅಲ್ಲಿಗೆ ಹೋಗಿದ್ದಳು. ಒಂದು ಗುರುವಾರ ಬೆಳಿಗ್ಗೆ, ತಾನಿಮು ಅದೇ ಎದೆಪಟ್ಟಿಗೆ ಹಳದಿ ದಾರ ಹಾಕುತ್ತಿದ್ದಾಗ ಫೋನು ಬಂತು.

"ತಮ್ಮಾ," ಎಂದ ಬರಾವು. "ಅವ್ವ ಹೋದ್ಲು. ಸ್ನಾನ ಮಾಡಿಸ್ತಿದಾರೆ. ಮಧ್ಯಾಹ್ನದೊಳಗೆ ಎತ್ತುತೀವಿ. ಆಟೋ ಹತ್ತಿ ಬೇಗ ಬಾ."

ತಾನಿಮು ಮೈ ತೊಳೆದು, ಪೆಟ್ಟಿಗೆಯಲ್ಲಿದ್ದ ಬಿಳಿ ನಿಲುವಂಗಿ ತೊಟ್ಟು ಹೊರಟ. ಓಣಿಯ ಬಾಯಿಗೆ ಬಂದಾಗ ಗೊತ್ತಾಯಿತು, ಈದ್ ಮೆರವಣಿಗೆಯ ತಾಲೀಮಿಗೆಂದು ಅರಮನೆಯ ಸುತ್ತಿನ ದಾರಿಗಳನ್ನೆಲ್ಲ ಬೆಳಿಗ್ಗೆಯೇ ಮುಚ್ಚಿದ್ದರು. ಒಂದು ಆಟೋ ಕೂಡ ಇರಲಿಲ್ಲ. ಅಣ್ಣನಿಗೆ ತಿರುಗಿ ಫೋನು ಮಾಡಿದ. ಸಾವಿನ ಮನೆಯ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ಕಾಲಿದ್ದವರಿಗೆ ಅದು ಕಾಲು ಗಂಟೆಯ ದಾರಿ. ತನಗೆ ಒಂದು ಗಂಟೆ ಸಾಕು ಎಂದುಕೊಂಡು ತಾನಿಮು ಓಣಿಗಿಳಿದ.

ಕುದುರೆಗಳು ಆಗಷ್ಟೇ ಹಾದುಹೋಗಿದ್ದವು. ರಾತ್ರಿ ಸುರಿದ ಮಳೆಯ ಕೆಸರಿಗೆ ಲದ್ದಿ ಕಲೆತು, ಗೋಡೆಯಿಂದ ಗೋಡೆಗೆ ರೊಜ್ಜು ಹರಡಿತ್ತು. ನಿಲುವಂಗಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎಲ್ಲಿ ಕೈ ಊರಲಿ ಎಂದು ಹುಡುಕಿ ಹುಡುಕಿ ಮುಂದೆ ಹೋದ. ಅರ್ಧ ದಾರಿಯಲ್ಲಿ, ಓಣಿ ಇಳಿಜಾರಾಗುವ ಕಡೆ, ಎಡಗೈ ಜಾರಿತು. ಅವನು ಮುಖ ಅಡಿಯಾಗಿ ಬಿದ್ದ. ಕಣ್ಣಿಗೆ, ಬಾಯಿಗೆ, ಎದೆಯ ಬಿಳಿ ಬಟ್ಟೆಗೆ ಲದ್ದಿ ಮೆತ್ತಿತು. ಏಳಲು ಊರಿದ ಕೈ ಮತ್ತೆ ಜಾರಿತು.

ಅಷ್ಟರಲ್ಲಿ ಹಿಂದಿನಿಂದ ಗೊರಸಿನ ಸದ್ದು ಕೇಳಿಸಿತು. ತಡವಾಗಿ ಹೊರಟಿದ್ದ ಇಬ್ಬರು ಮೂವರು ಸವಾರರು ಸಾಲನ್ನು ಕೂಡಿಕೊಳ್ಳಲು ಧಾವಿಸುತ್ತಿದ್ದರು. ಮುಂದಿದ್ದವನು ಲವ್ವಲಿ. ನೆಲದಲ್ಲಿದ್ದವನನ್ನು ಬಳಸಿ ಗೋಡೆಯ ಪಕ್ಕದಿಂದ ಕುದುರೆ ದಾಟಿಸುತ್ತ ಅವನು ಕೂಗಿದ:

"ಏನು ಮಾಲಂ, ಈದ್‌ಗೆ ಇನ್ನೂ ವಾರ ಇದೆ. ಈಗ್ಲೇ ಹಣೆ ನೆಲಕ್ಕೆ ಹಚ್ಚಿಬಿಟ್ರಾ!"

ಹಿಂದಿನವರು ಗೊಳ್ಳೆಂದು ನಕ್ಕರು. ಕುದುರೆಗಳು ತಿರುವಿನಲ್ಲಿ ಮರೆಯಾದವು.

ತಾನಿಮು ತೆವಳಿಕೊಂಡು ಓಣಿಯ ಮಸೀದಿಯ ಅಂಗಳಕ್ಕೆ ಹೋದ. ತೊಟ್ಟಿಯಲ್ಲಿ ನೀರಿರಲಿಲ್ಲ. ಎದುರುಮನೆಯ ಬಾಗಿಲು ಬಡಿದ. ಒಳಗಿನಿಂದ ಒಬ್ಬ ಹೆಂಗಸು ಒಂದು ತಂಬಿಗೆ ನೀರು ಹೊರಗಿಟ್ಟಳು. ಅದು ಮುಖಕ್ಕೂ ಕೈಗೂ ಆಯಿತು. "ಇನ್ನೊಂದು ತಂಬಿಗೆ ಕೊಡಿ ತಾಯೀ, ನಮ್ಮವ್ವ ತೀರಿಕೊಂಡಿದಾಳೆ," ಎಂದ. ಅವಳು ಬಿಂದಿಗೆಯನ್ನೇ ತಂದಿಟ್ಟಳು. ಬಟ್ಟೆ ತೊಳೆದಷ್ಟೂ ಹಸಿರು ಕಲೆ ಹರಡುತ್ತಿತ್ತು. ಈ ಮೈಯಲ್ಲಿ ಅವ್ವನ ಮುಂದೆ ನಮಾಜಿಗೆ ನಿಲ್ಲುವುದು ಹೇಗೆ ಎಂದು ಅವನು ಮೂರು ಸಲ ತೊಳೆದ. ಹಾಗೆ ತೊಳೆಯುತ್ತ ಹೊತ್ತು ಹೋಯಿತು.

ಬರಾವುನ ಬೀದಿಗೆ ತಿರುಗಿದಾಗ ಜನ ಎದುರಿನಿಂದ ಬರುತ್ತಿದ್ದರು. ಅವರ ಕೈಗಳಲ್ಲಿ ಹಸಿ ಮಣ್ಣಿತ್ತು.

"ಕಾದ್ವಿ ಕಣೋ," ಎಂದ ಬರಾವು, ತಮ್ಮನ ಎದುರು ಕುಕ್ಕರಗಾಲಲ್ಲಿ ಕೂತು. "ಆಟೋದಲ್ಲಿ ಬರ್ತೀಯ ಅಂತಿದ್ದೆ. ಮೋಡ ಕವೀತು, ದೊಡ್ಡೋರು ಇನ್ನು ತಡ ಮಾಡ್ಬೇಡಿ ಅಂದ್ರು. ಒಂದು ಮಾತು ಹೇಳಿ ಕಳಿಸಿದ್ರೆ ಹೊತ್ಕೊಂಡು ಬರ್ತಿದ್ನಲ್ಲೋ."

ತಾನಿಮು ಖಬರಸ್ತಾನದ ದಾರಿ ಹಿಡಿದ. ಅವ್ವ ಅವನನ್ನು ಹನ್ನೆರಡು ವರ್ಷದವರೆಗೆ ಬೆನ್ನಿಗೆ ಕಟ್ಟಿಕೊಂಡು ಮದರಸಕ್ಕೆ ಒಯ್ದಿದ್ದಳು. ಜನ ನಕ್ಕರೂ ಇಳಿಸಿರಲಿಲ್ಲ. ಅವಳ ಮುಖವನ್ನು ಇನ್ನೊಮ್ಮೆ ನೋಡುವುದು ಅವನಿಗೆ ಸಿಗಲಿಲ್ಲ. ಹೊಸ ಮಣ್ಣಿನ ಗುಡ್ಡೆಯ ಪಕ್ಕ ಕೂತು, ಒದ್ದೆ ಬಟ್ಟೆಯಲ್ಲೇ ಕೈಯೆತ್ತಿ ಬೇಡಿಕೊಂಡ. ಕೈಯಿಂದ ಇನ್ನೂ ವಾಸನೆ ಹೋಗಿರಲಿಲ್ಲ.

ಆ ಸಂಜೆ ಲವ್ವಲಿ ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿ ಹನ್ಸತು ಆಗಷ್ಟೇ ಸಾವಿನ ಮನೆಯಿಂದ ಬಂದಿದ್ದಳು. ಸಜ್ಜೆಯ ಮುದ್ದೆ, ಬೆಂಡೆ ಸಾರು ಬಡಿಸುತ್ತ ಹೇಳಿದಳು:

"ಪಾಪ, ಆ ತೊಗಲಿನ ಕೆಲಸದ ತಾನಿಮುಗೆ ತಾಯಿ ಮಣ್ಣು ಸಿಕ್ಕಲಿಲ್ಲ ಅಂತೆ. ದಾರೀಲಿ ನಿಮ್ಮ ಕುದುರೆ ಲದ್ದೀಲಿ ಜಾರಿಬಿದ್ನಂತೆ. ತೊಳ್ಕೊಂಡು ಹೋಗೋಷ್ಟರಲ್ಲಿ ಮುಚ್ಚಿಬಿಟ್ಟಿದ್ರು. ಝುಲೈ ಹೇಳ್ತಾ ಹೇಳ್ತಾ ಅತ್ತಳು. ಬಿದ್ದಾಗ ಯಾರೋ ಕುದುರೆ ಮೇಲಿಂದ ನಗೆಚಾಟಿಕೆ ಬೇರೆ ಮಾಡಿದ್ರಂತೆ. ಎಂಥಾ ಜನಾನೋ. ನಿಮಗೆ ಗೊತ್ತಾ, ಯಾರು ಅಂತ?"

ಲವ್ವಲಿಯ ಕೈ ತಟ್ಟೆಯಲ್ಲೇ ನಿಂತಿತು.

"ಯಾಕೆ, ಸಾರು ಸಪ್ಪೆಯಾ?"

"ನಾನೇ," ಎಂದ.

ಹನ್ಸತು ಬಯ್ಯಲಿಲ್ಲ. ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಬಯ್ದಿದ್ದರೆ ಲವ್ವಲಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರನೆಯ ದಿನ ಅವನು ಬರಾವುನ ಮನೆಗೆ ನಡೆದುಕೊಂಡೇ ಹೋದ. ಚಾಪೆಯ ಮೇಲೆ ಗಂಡಸರು ಕೂತಿದ್ದರು. ಸಾಂತ್ವನದ ಮಾತು ಹೇಳಿ, ತಾನಿಮುವಿನ ಪಕ್ಕ ಕೂತು, ಎಲ್ಲರೂ ಎದ್ದುಹೋಗುವವರೆಗೆ ಕಾದ.

"ಮಾಲಂ, ಆ ದಿನ ಓಣಿಯಲ್ಲಿ..."

"ದನಿ ಗುರುತು ಸಿಕ್ತು," ಎಂದ ತಾನಿಮು.

"ನೀವು ಎಲ್ಲಿಗೆ ಹೊರಟಿದ್ರಿ ಅಂತ ನನಗೆ ಗೊತ್ತಿರಲಿಲ್ಲ. ಆಣೆ ಮಾಡ್ತೀನಿ. ಗೊತ್ತಿದ್ರೆ ಕುದುರೆ ಮೇಲೆ ಕೂರಿಸ್ಕೊಂಡು ಹೋಗ್ತಿದ್ದೆ."

"ಗೊತ್ತಿದ್ರೆ ಯಾರಾದ್ರೂ ಕೂರಿಸ್ಕೋತಾರೆ, ಲವ್ವಲಿ." ತಾನಿಮು ನೆಲ ನೋಡುತ್ತಲೇ ಮಾತಾಡಿದ. "ನಾನು ಸುಮ್ನೆ ಮಸೀದಿಗೆ ಹೊರಟಿದ್ರೂ ಬೀಳ್ತಿದ್ದೆ. ಆಗ ನೀನು ಈ ಮನೆಗೆ ಬರ್ತಿರಲಿಲ್ಲ."

ಲವ್ವಲಿ ಚಾಪೆಯ ಮೇಲೆ ಅವನ ಹತ್ತಿರಕ್ಕೆ ಸರಿದ.

"ಕ್ಷಮಿಸಿದೆ ಅಂದುಬಿಡಿ ಮಾಲಂ."

"ಅಂದೇನು. ಬಾಯಿ ಮಾತು ತಾನೆ. ಆದ್ರೆ ಇವತ್ತು ನನ್ನನ್ನ ಬಿಟ್ಟುಬಿಡು."

ಅದಾದ ಮೇಲೆ ತಾನಿಮು ಅವನೊಡನೆ ಮಾತಾಡಲಿಲ್ಲ. ಎದೆಪಟ್ಟಿಯನ್ನು ಹೊಲಿದು ಮುಗಿಸಿ ಪಕ್ಕದ ಮನೆಯವರ ಕೈಯಲ್ಲಿ ಕಳಿಸಿಕೊಟ್ಟ. ಹೊಲಿಗೆಯಲ್ಲಿ ಒಂದು ಎಳೆಯೂ ಸೊಟ್ಟಗಿರಲಿಲ್ಲ. ಅದನ್ನು ನೋಡಿ ಲವ್ವಲಿಗೆ ಇನ್ನಷ್ಟು ಸಂಕಟವಾಯಿತು. ಓಣಿಯಲ್ಲಿ ಹಾದುಹೋಗುವಾಗ ಅಂಗಡಿಯ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಮಸೀದಿಯ ಸಾಲಿನಲ್ಲಿ ತಾನಿಮು ಕಾಣುತ್ತಿರಲಿಲ್ಲ. ಮನೆಯಲ್ಲೇ ನಮಾಜು ಮಾಡುತ್ತಾನೆ ಎಂದು ಜನ ಹೇಳಿದರು.

ಈದ್‌ಗೆ ಎರಡು ದಿನವಿರುವಾಗ ಲವ್ವಲಿ ಅರಮನೆಯ ಕುದುರೆಗಳ ಯಜಮಾನ ಸಾಂಬೊ ಅವರ ಬಳಿ ಹೋದ. ಸಾಂಬೊ ಎಪ್ಪತ್ತು ದಾಟಿದ ಮುದುಕರು. ಲಾಯದ ಬಾಗಿಲಲ್ಲಿ ಕೂತು ಅಡಿಕೆಯಂತೆ ಕೋಲಾ ಕಾಯಿ ಅಗಿಯುತ್ತಿದ್ದರು.

"ಬಾಬಾ, ಸಾಲಿನ ಹಿಂದೆ ಲದ್ದಿ ಎತ್ತೋಕೆ ಒಬ್ಬ ಬೇಕು."

"ಯಾರು ಬರ್ತಾರೆ? ಕೇಳಿ ನೋಡಿದೀನಿ. ಕೂಲಿಯೋರೂ ಮೂಗು ಮುರೀತಾರೆ. ನಮ್ಮ ಸವಾರರಂತೂ ಕುದುರೆಯಿಂದ ಇಳಿದ್ರೆ ಮಾನ ಹೋಯ್ತು ಅನ್ನೋರು."

"ನಾನು ಬರ್ತೀನಿ. ನನ್ನ ಜಾಗ ಬೇರೆಯೋರಿಗೆ ಕೊಡಿ."

ಸಾಂಬೊ ಅಗಿಯುವುದನ್ನು ನಿಲ್ಲಿಸಿದರು. "ತಲೆ ನೆಟ್ಟಗಿದೆಯೇನೋ? ಮೂರನೇ ಜಾಗ! ನಿಮ್ಮಪ್ಪ ಅದಕ್ಕೋಸ್ಕರ ಜೀವ ತೇಯ್ದ. ನಿಮ್ಮಜ್ಜನ ಕೆಲಸಕ್ಕೆ ನೀನೇ ತಿರುಗಿ ಹೋಗ್ತೀಯಾ? ಜನ ಏನಂತಾರೆ?"

"ಅನ್ನೋದನ್ನ ಆಗ್ಲೇ ಅಂದುಬಿಟ್ಟಿದಾರೆ, ಬಾಬಾ. ನಮ್ಮಜ್ಜ ಇದ್ದಾಗ ಆ ಓಣಿ ಹೇಗಿತ್ತು? ನೀವು ನೋಡಿದೀರಲ್ಲ."

ಮುದುಕರು ಬಾಯಲ್ಲಿದ್ದ ಚೂರನ್ನು ಉಗಿದರು. "ಸ್ವಚ್ಛ ಇತ್ತು," ಎಂದರು ಕೊನೆಗೆ. "ಬರಿಗಾಲಲ್ಲಿ ಓಡಾಡ್ತಿದ್ವಿ."

ಮಳೆ ನಿಂತು ನಾಲ್ಕು ದಿನವಾಗಿತ್ತು. ಈದ್ ದಿನ ನಮಾಜು ಮುಗಿದು ಮೆರವಣಿಗೆ ಹೊರಟಿತು. ಕಹಳೆ, ನಗಾರಿಗಳ ಹಿಂದೆ ಬಣ್ಣ ಬಣ್ಣದ ಮುಂಡಾಸಿನ ಸವಾರರು ಓಣಿ ತುಂಬ ಹರಿದರು. ಮೂರನೆಯ ಕುದುರೆಯ ಮೇಲೆ ಬೇರೆ ಯಾರೋ ಇದ್ದುದನ್ನು ಕಂಡು ಜನ ಒಬ್ಬರನ್ನೊಬ್ಬರು ಕೇಳಿದರು. ಸಾಲೆಲ್ಲ ಮುಗಿದು ಧೂಳು ಇಳಿಯುವ ಹೊತ್ತಿಗೆ ಲವ್ವಲಿ ಬಂದ. ಹಬ್ಬದ ನೀಲಿ ಉಡುಪು, ಬಿಳಿ ಮುಂಡಾಸು. ಆದರೆ ಕುದುರೆಯನ್ನು ಹಗ್ಗ ಹಿಡಿದು ನಡೆಸುತ್ತಿದ್ದ. ಜೀನಿನ ಎರಡು ಬದಿಗೂ ಬುಟ್ಟಿ ಕಟ್ಟಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತು, ಬಗ್ಗಿ, ಸಲಿಕೆಯಿಂದ ಲದ್ದಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದ.

"ಓಹೋ, ಅಜ್ಜನ ಆಸ್ತಿ ಮೊಮ್ಮಗನಿಗೆ ಬಂತು!" ಎಂದು ಯಾರೋ ಮಾಳಿಗೆಯ ಮೇಲಿಂದ ಕೂಗಿದರು. ನಗು ಎದ್ದಿತು. ಲವ್ವಲಿ ಮುಖ ಎತ್ತಲಿಲ್ಲ. ಬಗ್ಗುವುದನ್ನು ನಿಲ್ಲಿಸಲೂ ಇಲ್ಲ. ಒಬ್ಬನೂ ಅವನ ಜೊತೆ ಕೈ ಹಾಕಲಿಲ್ಲ.

ತಾನಿಮು ತನ್ನ ಅಂಗಡಿಯ ಹೊಸ್ತಿಲಲ್ಲಿ ಕೂತಿದ್ದ. ಮೈಮೇಲೆ ಒಗೆದ ಬಿಳಿ ಅಂಗಿ ಇತ್ತು. ಈದ್ ದಿನ ಎಲ್ಲರೂ ತಮ್ಮವರ ಗೋರಿಗೆ ಹೋಗುತ್ತಾರೆ. ಮೆರವಣಿಗೆ ದಾಟಲಿ ಎಂದು ಅವನೂ ಕಾಯುತ್ತಿದ್ದ. ಲವ್ವಲಿ ಅವನ ಮುಂದೆ ಬಂದು, ಅಲ್ಲಿದ್ದ ಲದ್ದಿಯನ್ನು ಎತ್ತಿ ಮುಂದಕ್ಕೆ ಹೋದ.

"ಲವ್ವಲಿ."

ಅವನು ತಟ್ಟನೆ ನಿಂತ. "ಹೇಳಿ ಮಾಲಂ."

"ಆ ಚರಂಡಿ ಕಟ್ಟೆ ಪಕ್ಕ ಒಂದು ಬಿಟ್ಟಿದೀಯ ನೋಡು."

ಲವ್ವಲಿ ಹಿಂದಕ್ಕೆ ಬಂದು, ಮಂಡಿಯೂರಿ, ಕಟ್ಟೆಯ ಸಂದಿಯಲ್ಲಿದ್ದುದನ್ನು ಬರಿಗೈಯಿಂದಲೇ ಬಾಚಿ ತೆಗೆದ. ಎದ್ದು ನಿಂತಾಗ ತಾನಿಮು ಹೊಸ್ತಿಲಿಳಿದು ಓಣಿಗೆ ಬಂದಾಗಿತ್ತು. ಒಣ ನೆಲದ ಮೇಲೆ ಒಂದೊಂದೇ ಕೈ ಊರುತ್ತ ಅವನು ಖಬರಸ್ತಾನದ ಕಡೆ ಹೊರಟ. ಲವ್ವಲಿ ಕುದುರೆಯನ್ನು ಗೋಡೆಗೆ ಒತ್ತಿ ಹಿಡಿದು, ಅವನು ತಿರುವು ದಾಟುವವರೆಗೂ ದಾರಿ ಬಿಟ್ಟು ನಿಂತ.