ಚುಕ್ಕಿಗಳ ಹಿಂದಿನ ಹೆಸರು

ಮಗಳ ಬಲಗಡೆಯ ಜಡೆ ಅರ್ಧಕ್ಕೆ ಬಂದಿದೆ, ಮೂರೂ ಎಳೆ ನನ್ನ ಬೆರಳಸಂದಿಯಲ್ಲಿವೆ, ಆಗಲೇ ಫೋನು, ಉದ್ದನೆಯ ಗೊತ್ತಿಲ್ಲದ ನಂಬರು — ಒಟಿಪಿ ಕೇಳುವ ಕಳ್ಳರಿರಬೇಕು, ಎತ್ತಬೇಡ ಸಿಂಧು ಎನ್ನುವಷ್ಟರಲ್ಲಿ ಮಗಳು ಸ್ಪೀಕರ್ ಒತ್ತಿಬಿಟ್ಟಳು, ನಾನು ಕಣಮ್ಮಿ, ಮಧುಶ್ರೀ ಫೋನಿಂದ ಮಾಡ್ತಾ ಇವ್ನಿ, ನಂದು ನೀರ್ಗೆ ಬಿದ್ದೋಯ್ತು. ಇವರದೇ ದನಿ, ಜಪಾನಿನಿಂದ. ರೇಷ್ಮೆ ನೂಲು ತೆಗೆಯುವ ಹೊಸ ಮಿಷನ್ನು ಕಲಿಯಲು ಕೊಳ್ಳೇಗಾಲದ ಕಾರ್ಖಾನೆಯಿಂದ ನಾಲ್ವರು ಹೋಗಿದ್ದಾರೆ, ಮೂವರು ಗಂಡಸರು, ಒಬ್ಬಳು ಮಧುಶ್ರೀ, ಇವರ ಕೈಗೆ ಸಿಕ್ಕಿದ್ದು ಅವಳ ಫೋನೇ — ಇರಲಿ, ಹತ್ತಿರ ಇದ್ದವರದು ಸಿಗುತ್ತದೆ, ಹತ್ತಿರ ಯಾಕಿದ್ದಳು ಎಂದು ಕೇಳುವುದು ಬೇಡ, ಮಗು ಕೇಳಿಸಿಕೊಳ್ಳುತ್ತಿದೆ.

ಹೋಟೆಲಿನ ಕಂಪ್ಯೂಟರಿನ ಮುಂದೆ ಕೂತಿದ್ದಾರಂತೆ, ನಾಳೆಯ ವಿಮಾನದ ಟಿಕೆಟ್ಟು ಮೇಲ್‌ನಲ್ಲಿದೆ, ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲ, ಮೂರು ಸಲ ಆಯ್ತಂತೆ — ಹಾಗಾದ್ರೆ ನಂಗೇಳ್ರಿ, ಇಲ್ಲೇ ಲ್ಯಾಪ್‌ಟಾಪಲ್ಲಿ ತೆಗ್ದು ಟಿಕೆಟ್ಟಿನ ಫೋಟೋ ಕಳಿಸ್ತೀನಿ ಅಂದೆ. ಇವರು ತಕ್ಷಣ, ಬ್ಯಾಡ ಬ್ಯಾಡ, ನೀನ್ಯಾಕ್ ತೊಂದ್ರೆ ತಕಂಡೀಯೆ, ಮಗಿನ ಇಸ್ಕೂಲ್ಗೆ ಕಳ್ಸು. ತೊಂದರೆಯಂತೆ. ಯಳಂದೂರಿನ ನಾಮಕರಣದಲ್ಲಿ ಎಲೆಯ ಮುಂದೆ ಕೂತಾಗಲೂ ಫೋನನ್ನು ಬೋರಲು ಹಾಕಿದ್ದರು, ನಾನು ಕಾಫಿ ಹಿಡಿದು ಬೆನ್ನ ಹಿಂದೆ ನಿಂತಾಗಲೆಲ್ಲ ಪರದೆಯ ಮೇಲೆ ಪಾಸ್‌ವರ್ಡಿನ ಕಪ್ಪು ಚುಕ್ಕಿಗಳು ಮಾತ್ರ, ಒಂದರ ಪಕ್ಕ ಒಂದು, ಬಾಯಿ ಮುಚ್ಚಿಕೊಂಡು ಕೂತ ಹಾಗೆ.

ಇನ್ನೊಂದ್ಸಲ ನೋಡ್ತೀನಿ ತಾಳು — ಟಕಟಕಟಕ, ಆ ವೇಗ ಕೇಳಿದೊಡನೆ ನನಗೆ ತಿಳಿಯಿತು, ಇವರು ಕೀಲಿ ನೋಡುತ್ತಲೇ ಇಲ್ಲ, ಜಪಾನಿನ ಕೀಲಿಮಣೆ ನಮ್ಮದರ ಹಾಗೇ ಇರಬೇಕೆಂದೇನೂ ಇಲ್ಲ. ಶಿವರತ್ನಮ್ಮ ಮೇಡಂ ಟೈಪಿಂಗ್ ಕ್ಲಾಸಿನಲ್ಲಿ ನಾವಿಬ್ಬರೂ ಕಲಿತದ್ದೇ ಹಾಗೆ, ಕೈಮೇಲೆ ಟವೆಲು ಹೊದಿಸುತ್ತಿದ್ದರು, ಕೆಳೀಕ್ ನೋಡ್ದೋರ್ ಎದ್ದೋಗಿ ಎನ್ನುತ್ತಿದ್ದರು, ಕಾಮಗೆರೆಯ ಬಸ್ಸಿಳಿದು ಓಡಿ ಬರುತ್ತಿದ್ದ ಈ ಮನುಷ್ಯ ಒಂದು ದಿನವೂ ಕೆಳಗೆ ನೋಡಲಿಲ್ಲ, ನನ್ನನ್ನು ಮಾತ್ರ ಓರೆಗಣ್ಣಿನಲ್ಲಿ ನೋಡಿದರು. ಇದೂ ತಪ್ಪಂತೆ ಕಣಮ್ಮಿ, ಇನ್ನೊಂದೇ ಸಲ, ಆಮೇಲ್ ಮುಚ್ಕಂಡ್ಬುಡ್ತದಂತೆ.

ಹೇಳದೆ ಇರಬಹುದಿತ್ತು. ಮೊದ್ಲು ಏನಂತ ಇಟ್ಟಿದ್ದೀರಿ ಹೇಳ್ರಿ ಅನ್ನಬಹುದಿತ್ತು. ಆದರೆ ಸಿಂಧು ಕ್ಯಾಲೆಂಡರಿನಲ್ಲಿ ಅಪ್ಪ ಬರುವ ದಿನಕ್ಕೆ ಕೆಂಪು ಸುತ್ತು ಹಾಕಿದ್ದಾಳೆ, ದಿನಕ್ಕೊಂದು ಸಲ ಅದನ್ನು ಮುಟ್ಟುತ್ತಾಳೆ. ರೀ, ಕೈ ತೆಗೀರಿ, ಕೀ ನೋಡ್ರಿ, ಹೆಸರಾದ ಮೇಲೆ ಎಲ್ಲಾರೂ ಹಾಕ್ತಾರಲ್ಲ ಅಟ್ ಗುರುತು, @, ಅದು ಎರಡರ ಮೇಲೆ ಅದ್ಯಾ? ಅಯ್ಯೋ, ಇಲ್ಲ ಕಣಮ್ಮಿ, ಎರಡು ಸಣ್ ಗೀಟವೆ! ಅಟ್ ಇಲ್ ಕೂತದೆ, ಪಿ ಪಕ್ಕದಲ್ಲಿ, ಕಳ್ಳನಂಗೆ. ಹತ್ತಿರದಿಂದಲೇ ಮಧುಶ್ರೀಯ ನಗು, ಅಕ್ಕಾ, ಕಾರ್ಖಾನೇಲಿ ಭಾರಿ ಸ್ಪೀಡು ಅಂತಿದ್ರು, ಈಗ ನೋಡ್ಬೇಕು ನೀವು, ಕೋಳಿ ಕೆದಕ್ದಂಗ್ ಕೆದಕ್ತಾವ್ರೆ. ನೀ ಆ ಕಡೀಕ್ ತಿರ್ಕೊ ತಾಯಿ — ಇವರು. ಅವಳಿಂದಲೂ ಮುಚ್ಚಿಡುತ್ತಾರೆಯೇ, ಇಲ್ಲ ನನಗೆ ಕೇಳಲೆಂದೇ ಹಾಗೆ ಅಂದರೇ, ಛೆ, ನನ್ನ ಮನಸ್ಸು ಇದೆಂಥದು.

ಟಕ್. ಟಕ್. ಈಗ ಒಂದೊಂದೇ. ಟೈಪಿಂಗ್ ಕ್ಲಾಸಿನಲ್ಲಿ ತಲೆಬರಹವನ್ನು ಹಾಳೆಯ ನಡುವೆ ಕೂರಿಸಲು ಅಕ್ಷರ ಎಣಿಸಬೇಕಿತ್ತು, ಆ ಅಭ್ಯಾಸ ನನ್ನ ಕಿವಿಯನ್ನು ಬಿಟ್ಟಿಲ್ಲ, ಸಿಂಧುವಿಗೂ ಆಟವೆಂದು ಕಲಿಸಿದ್ದೇನೆ, ಅಪ್ಪ ಒತ್ತಿದಾಗ ಎಷ್ಟು ಟಕ್ ಹೇಳು, ಅವಳೀಗ ಬೆರಳು ಮಡಚುತ್ತಿದ್ದಾಳೆ, ಎಂಟು, ಒಂಬತ್ತು, ಹತ್ತು — ತಡೆದರು, ಅಟ್ ಹುಡುಕುತ್ತಿರಬೇಕು — ಒಂದು ಟಕ್, ಆಮೇಲೆ ಅಂಕಿಗಳು ಸರಸರನೆ. ಬಂತು ಕಣಮ್ಮಿ, ಟಿಕೆಟ್ ಬಂತು! ಇಂಗ್ಲಿಷಿನಲ್ಲಿ ನನ್ನ ಹೆಸರು ದೀಪ ಐದಕ್ಷರ, ಸಿಂಧು ಆರು. ಆ ಫೋನಿನವಳ ಹೆಸರನ್ನು ಎಣಿಸಲು ಹೊರಟ ಬೆರಳನ್ನು ಮಡಚಿಕೊಂಡೆ, ಊರಿನ ಹೆಸರಿರಬಹುದು, ದೇವರ ಹೆಸರಿರಬಹುದು, ಹತ್ತು ಕಪ್ಪು ಚುಕ್ಕಿಗಳು, ಹತ್ತು, ಒಂದರ ಪಕ್ಕ ಒಂದು, ಬಾಯಿ ಮುಚ್ಚಿಕೊಂಡು —

ಅಪ್ಪಾ, ಹತ್ತಕ್ಷರದ ಹೆಸ್ರು ಯಾರ್ದಪ್ಪಾ?