ಕೇಳಿದ ಹೆಸರು

"ಶುಕ್ರವಾರ ಖಾಲಿ ಇತ್ರೀ ಅಕ್ಕಾರ, ನೀವೂ ನೋಡೀರಿ," ಎನ್ನುತ್ತ ಕೆಫೆ ನಡೆಸುವ ಪ್ರೇಮಕುಮಾರ ಕಂಪ್ಯೂಟರಿನ ಪರದೆಯನ್ನು ಭುವನಾಳ ಕಡೆ ತಿರುಗಿಸಿದ.

ಪರದೆಯ ಮೇಲೆ ಅವಳ ಅತ್ತೆಯ ಹೆಸರಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಸಿದ್ದವ್ವ, ಮುಂದೆ ಡಾಟ್ ಕಾಮ್. ಅದರ ಕೆಳಗೆ ಸಾಲದ ಜಾಹೀರಾತು, ತೂಕ ಇಳಿಸುವ ಗುಳಿಗೆಯ ಜಾಹೀರಾತು. ಎಲ್ಲಕ್ಕೂ ಕೆಳಗೆ ಒಂದು ಸಾಲು: ಈ ಹೆಸರು ಮಾರಾಟಕ್ಕಿದೆ.

ಸಿದ್ದವ್ವನ ಕೈಯಳತೆಯ ಮಸಾಲೆಖಾರವನ್ನು ತಿಂಗಳಿಗೆ ಐದು ಸಾವಿರ ಪಾಕೀಟು ಕೊಳ್ಳಲು ಮುಂಬೈಯ ಅಂಗಡಿಯವರು ಒಪ್ಪಿದ್ದರು. ಪಾಕೀಟಿನ ಮೇಲೆ ವೆಬ್‌ಸೈಟಿನ ವಿಳಾಸ ಇರಲೇಬೇಕು, ಇಲ್ಲದಿದ್ದರೆ ಆರ್ಡರ್ ಇಲ್ಲ ಎಂದಿದ್ದರು. ರಾಣೆಬೆನ್ನೂರಿನ ಪ್ರೆಸ್ಸಿನವರು ಗುರುವಾರದವರೆಗೆ ಕಾಯುವುದಾಗಿ ಹೇಳಿದ್ದರು. ಶುಕ್ರವಾರ ಬ್ಯಾಡಗಿಯ ಈ ಸೈಬರ್ ಕೆಫೆಯಲ್ಲೇ ಹೆಸರು ಹುಡುಕಿದ್ದಾಗಿತ್ತು. ಆರುನೂರು ರೂಪಾಯಿ ಕಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮಾವ ಫಕ್ಕೀರಪ್ಪ, "ಅಮಾಸಿ ಕಳೀಲಿ, ಸೋಮವಾರ ಕೊಳ್ಳೂಣು," ಎಂದಿದ್ದರು. ಅಮಾವಾಸ್ಯೆಯ ಮುಂದೆ ಹೊಸ ಮೊರವನ್ನೂ ಒಳಗೆ ತರದ ಮನೆ ಅದು. ಭುವನಾಳಿಗೂ ಸರಿಯೆನಿಸಿತ್ತು. ಮೂರು ದಿನದಲ್ಲಿ ಸಿದ್ದವ್ವನ ಹೆಸರನ್ನು ಯಾರು ಒಯ್ಯುತ್ತಾರೆ?

"ಯಾರ್ ತಗೊಂಡಾರ?" ಎಂದು ಕೇಳಿದಳು.

"ತಮ್ಮ ಹೆಸರ ಮುಚ್ಚಿಟ್ಟಾರ್ರಿ. ಸಾವಿರ ಡಾಲರ್ ಕೇಳಾಕತ್ತಾರ."

"ಆರುನೂರರ ಮಾಲಿಗೆ?"

"ಮೊದಲ ಹೋದಾವನ ಮಾಲಕ್ರಿ, ಅಂವ ಅಂದದ್ದ ರೇಟು. ತಕರಾರ ಹಾಕಬೇಕಂದ್ರ ಅದಕ್ಕ ಬ್ಯಾರೆ ಫೀ ಐತಿ. ಅದು ಇನ್ನೂ ತುಟ್ಟಿ."

ಬಾಗಿಲ ಬಳಿ ಕುಳಿತಿದ್ದ ಫಕ್ಕೀರಪ್ಪ ನಲವತ್ತು ವರ್ಷ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಮಾಡಿದವರು. "ಯಾರ್ಡಿನಾಗ ತೂಕಾ ತಪ್ಪಿದ್ರ ಸೆಕ್ರೆಟರಿ ಕಡೆ ಹೋಗ್ತಿದ್ವಿ. ಇದಕ್ಕ ಸೆಕ್ರೆಟರಿ ಯಾರಪಾ?"

"ಅಮೇರಿಕಾದಾಗ ಒಂದ ಮಂಡಳಿ ಐತ್ರಿ ಕಾಕಾರ. ಅವ್ರು ರೇಟ್ ಕೇಳಂಗಿಲ್ಲ, ಮಾರಾವ್ರನ್ನ ನೋಡಂಗಿಲ್ಲ."

"ಮತ್ತೇನ ಮಾಡ್ತಾರ?"

"ಮೀಟಿಂಗ್ ಮಾಡ್ತಾರ್ರಿ."

ಹೆಸರಿನ ಹಿಂದೆ ಊರು ಸೇರಿಸಿ ಹುಡುಕಿದರು. ಬ್ಯಾಡಗಿ ಸಿದ್ದವ್ವ ಖಾಲಿ ಇತ್ತು. ಆದರೆ ಹಣ ಕಟ್ಟುವ ಕಾರ್ಡು ಇದ್ದದ್ದು ಹಾವೇರಿಯಲ್ಲಿ, ಪ್ರೇಮಕುಮಾರನ ಭಾವನ ಹತ್ತಿರ. ಅವನು ಕೆಲಸ ಮುಗಿಸಿ ಸಂಜೆ ಫೋನು ಮಾಡುವಷ್ಟರಲ್ಲಿ ಅದೂ ಹೋಗಿತ್ತು. ಅವವೇ ಜಾಹೀರಾತು, ಅದೇ ಸಾಲು.

ಫಕ್ಕೀರಪ್ಪ ಎದ್ದು ಪರದೆಯ ಹತ್ತಿರ ಬಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಹಿಂದಕ ನಾವು ದರಾ ಕೇಳೂ ಮುಂದ ಟವೆಲ್ಲಿನ ಬುಡಕ ಬೆರಳ ಹಿಡೀತಿದ್ವಿ. ಬಾಯಿ ಬಿಟ್ಟ ಕೇಳಿದಾಂವ ಕೆಟ್ಟ. ನೀವು ಬಾಯಿ ಬಿಟ್ಟ ಕೇಳೀರಿ ಯವ್ವಾ. ಯಾರೋ ಕಿವಿಗೊಟ್ಟ ಕುಂತಾರ."

"ಇಲ್ಲಿ ನಾವ ಮೂರ ಮಂದಿ ಅದೇವಲ್ರಿ ಕಾಕಾರ," ಎಂದು ಪ್ರೇಮಕುಮಾರ ನಕ್ಕ. ಅವನ ನಗುವಿಗೆ ಯಾರೂ ಜೊತೆಯಾಗಲಿಲ್ಲ.

ಮನೆಯಲ್ಲಿ ಸಿದ್ದವ್ವ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ನ ಹೆಸರ ನನಗ ಮಾರ್ತಾನಂತೇನ? ಹೆಸರ ಒಯ್ದಾಂವ ಮೊಣಕಾಲ ಬ್ಯಾನೀನೂ ಒಯ್ಯಲಿ ಅನ್ನ ಅವಗ!"

ಮರುದಿನ ಭುವನಾ ಒಬ್ಬಳೇ ಕೆಫೆಗೆ ಹೋದಳು. ಮಾವನ ಮಾತು ಸುಳ್ಳಾಗಲಿ ಎಂದುಕೊಂಡು, ಜಗತ್ತಿನಲ್ಲಿ ಯಾರಿಗೂ ಬೇಡವಾದ ಒಂದು ಹೆಸರು ಹುಡುಕಿಸಿದಳು: ಕುಪ್ಪೇಲೂರು ಗುತ್ತೆವ್ವ. ಭುವನಾಳ ತಾಯಿಯ ತಾಯಿ. ರಾಣೆಬೆನ್ನೂರು ದಾಟಿದವಳಲ್ಲ. ಸತ್ತು ಇಪ್ಪತ್ತು ವರ್ಷವಾಗಿತ್ತು. ಅವಳದೊಂದು ಫೋಟೋ ಕೂಡ ಉಳಿದಿರಲಿಲ್ಲ. ಖಾಲಿ ಇದೆ ಎಂದಿತು ಪರದೆ.

ಬುಧವಾರ ಬೆಳಿಗ್ಗೆ ಗುತ್ತೆವ್ವನೂ ಮಾರಾಟಕ್ಕಿದ್ದಳು.

ಪ್ರೇಮಕುಮಾರ ಮೌಸಿನ ಮೇಲಿಂದ ಕೈ ತೆಗೆದ. "ಯಾರ್ರೀ ಅಕ್ಕಾರ, ಈ ಗುತ್ತೆವ್ವಾರು?"

"ಯಾರೂ ಅಲ್ಲ," ಎಂದಳು ಭುವನಾ.

ಗುರುವಾರ ಭಾವ ರಜೆ ಹಾಕಿ, ಕಾರ್ಡು ಕೈಯಲ್ಲಿ ಹಿಡಿದು ಫೋನಿನಲ್ಲಿ ಕಾಯುತ್ತಿದ್ದ. "ಈ ಸಲ ಕೇಳೂದು, ಕೊಳ್ಳೂದು ಒಂದ ಉಸರಿಗೆ ಮುಗಸೂಣ್ರಿ," ಎಂದ ಪ್ರೇಮಕುಮಾರ. "ಲಗೂನ ಒಂದ ಹೆಸರ ಹೇಳ್ರಿ."

ರಾತ್ರಿಯೇ ಅವಳು ಒಂದು ಹೆಸರು ಆರಿಸಿಕೊಂಡಿದ್ದಳು. ಎಂಟು ವರ್ಷದ ಮಗಳದು. ಪಾಕೀಟಿನ ಮೇಲೆ ಚೆಂದ ಕಾಣುತ್ತದೆ ಎನಿಸಿತ್ತು. ಈಗ ಅದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಪರದೆಯ ಖಾಲಿ ಚೌಕದಲ್ಲಿ ಸಣ್ಣ ಕಪ್ಪು ಗೆರೆಯೊಂದು ಮೂಡುತ್ತಿತ್ತು, ಅಳಿಯುತ್ತಿತ್ತು, ಮತ್ತೆ ಮೂಡುತ್ತಿತ್ತು.

"ಹೇಳ್ರಿ ಅಕ್ಕಾರ."

"ಬ್ಯಾಡ."

"ಆರ್ಡರ್ ಹೋಗ್ತೈತ್ರೀ!"

"ಗೊತ್ತೈತಿ," ಎಂದು ಎದ್ದಳು. ಪಕ್ಕದ ಬೂತಿನಿಂದ ರಾಣೆಬೆನ್ನೂರಿಗೆ ಫೋನು ಮಾಡಿ, ಪಾಕೀಟು ಅಚ್ಚು ಹಾಕುವುದು ಬೇಡ ಎಂದಳು.

ಮನೆಯ ಓಣಿಗೆ ತಿರುಗುವಾಗ ಹೊತ್ತು ಇಳಿದಿತ್ತು. ಆಡಲು ಹೋದ ಮೊಮ್ಮಗಳನ್ನು ಕರೆಯಲು ಸಿದ್ದವ್ವ ಹೊಸ್ತಿಲ ಮೇಲೆ ನಿಂತಿದ್ದಳು. "ಮೇಘಾ... ಏ ಮೇಘಾ..." ದನಿ ಓಣಿಯ ಆ ತುದಿಯವರೆಗೂ ಹೋಯಿತು. ಭುವನಾ ಓಡಿ ಬಂದು ಅತ್ತೆಯ ಬಾಯಿಯ ಮೇಲೆ ಅಂಗೈ ಇಟ್ಟಳು. ಅಂಗೈಯ ಮೇಲಿಂದ ಮುದುಕಿಯ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಓಣಿಯಲ್ಲಿ ಯಾರೂ ಇರಲಿಲ್ಲ.