ಹೊರಗಿನಿಂದ ಹಾಕಿದ ಚಿಲಕ

ನಂದಿತಾ ಮನೆಯಿಂದ ಹೊರಗೆ ಬೀಳುತ್ತಿದ್ದದ್ದು ಶನಿವಾರ ಮಾತ್ರ. ಬಿ.ಕಾಂ. ಮುಗಿದಂದಿನಿಂದ ನಂಜನಗೂಡಿನ ತಮ್ಮ ದಿನಸಿ ಅಂಗಡಿಯಲ್ಲೇ ಕೂತುಬಿಟ್ಟಿದ್ದ ಹುಡುಗಿಗೆ, ಸರ್ಕಾರಿ ಶಾಲೆಗಳಿಗೆ ಹಳೆಯ ಕಂಪ್ಯೂಟರ್ ದುರಸ್ತಿ ಮಾಡಿ ಕೊಡುವ ಮೈಸೂರಿನ ಗೆಳೆಯರ ಗುಂಪೊಂದು ಸಿಕ್ಕಿತ್ತು. ಅಪ್ಪ ಶಿವರಾಜು ಒಪ್ಪಿದ್ದು ಒಂದೇ ಮಾತಿನ ಮೇಲೆ. "ಹೋಗು, ಕಲಿಸು, ಬಾ. ನಿನ್ನ ಹೆಸರು ನಾಕು ಜನರ ಬಾಯಿಗೆ ಬಿದ್ದ ದಿನ ಇದು ನಿಂತುಹೋಗುತ್ತೆ."

ಟಿ. ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಹೆಮ್ಮಿಗೆ ಕಡೆಗೆ ಇನ್ನೊಂದು. ಆ ದಾರಿಯಲ್ಲಿ ಇಳಿದು ಗದ್ದೆ ಬಯಲು ದಾಟಿದರೆ ಸಿಗುವ ಪುಟ್ಟ ಹಳ್ಳಿಯ ಹೈಸ್ಕೂಲು ಅವಳ ಪಾಲಿಗೆ ಬಂದಿತ್ತು. ಮೂಲೆಯ ಕೋಣೆಗೆ ಸುಣ್ಣ ಹೊಡೆಸಿ, ಕಂಪ್ಯೂಟರ್ ಜೋಡಿಸಿ, ಇಂಟರ್‌ನೆಟ್ ಎಳೆಸಿದ್ದು ಅವಳೇ. ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಿಸಿದಳು. ಎಲ್ಲರೂ ಬಳಸಲಿ ಎಂದು ಶಾಲೆಯ ಹೆಸರಿನಲ್ಲೇ ಒಂದು ಇಮೇಲ್ ಮಾಡಿಕೊಟ್ಟಳು.

ಒಂದು ಶನಿವಾರ ಹತ್ತನೇ ಕ್ಲಾಸಿನ ಭಾನುಪ್ರಿಯಾ ಕೊನೆಯ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಿನಲ್ಲಿ ಏನೋ ಕುಟ್ಟುತ್ತಿದ್ದಳು. ನಂದಿತಾ ಹತ್ತಿರ ಹೋದದ್ದೇ ಎರಡೂ ಕೈಯಿಂದ ಪರದೆ ಮುಚ್ಚಿಕೊಂಡಳು. ಆದರೂ ಮೇಲಿನ ಸಾಲು ಕಂಡಿತು: ಮಕ್ಕಳ ಸಹಾಯವಾಣಿಗೆ.

"ಮಿಸ್, ಯಾರ್ಗೂ ಏಳ್ಬೇಡಿ."

ನಂದಿತಾ ಏನೂ ಕೇಳದೆ ಪಕ್ಕದ ಮಗುವಿನ ಬಳಿ ಹೋದಳು.

ಮರುವಾರ ಅವಳು ಬರುವಷ್ಟರಲ್ಲಿ ಶಾಲೆಯ ಮುಂದೆ ಜನ ಸೇರಿದ್ದರು. ಹೆಡ್‌ಮಾಸ್ಟರ್ ಗಂಗಾಧರಸ್ವಾಮಿ ಅವಳನ್ನು ಸರಸರ ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋದರು. ಅವರ ಮುಖ ಬೆವೆತಿತ್ತು.

"ಭಾನುಪ್ರಿಯಾನ ಅವಳ ಸೋದರಮಾವ ಚೆಲುವರಾಜುಗೆ ಕೊಡೋದು ಅಂತ ಒಳಗೊಳಗೇ ಮಾತಾಗಿತ್ತಂತೆ ಕಣಮ್ಮ. ನೆನ್ನೆ ಆಫೀಸರುಗಳು ಬಂದು ಆ ಮದುವೆ ನಿಲ್ಲಿಸಿ, ಅವಳಪ್ಪನ ಹತ್ರ ಮುಚ್ಚಳಿಕೆ ಬರೆಸ್ಕೊಂಡು ಹೋದ್ರು. ದೂರು ನಮ್ಮ ಸ್ಕೂಲ್ ಇಮೇಲಿಂದ ಹೋಗಿದ್ದು ಅಂತ ಅವರಲ್ಲೇ ಒಬ್ಬರು ಬಾಯಿಬಿಟ್ಟಿದ್ದಾರೆ."

ಅಷ್ಟರಲ್ಲಿ ಚೆಲುವರಾಜು ಬಾಗಿಲಿಗೆ ಬಂದು ನಿಂತ. "ಹುಡ್ಗೀನೇ ದೂರು ಆಕವ್ಳೆ ಅಂತ ಊರೆಲ್ಲ ಆಡ್ಕತಾವ್ರೆ. ಯಾರು ಅಂತ ಅದ್ರಲ್ಲಿ ನೋಡಿ ಏಳಮ್ಮ."

ಅವನ ಹಿಂದೆ ಹುಡುಗಿಯ ಅಪ್ಪ ಕೃಷ್ಣಕುಮಾರ್ ಇದ್ದ. "ನನ್ ಮಗಳ ಕೈಲಿ ಆಣೆ ಆಕ್ಸಿವ್ನಿ, ಅವಳಲ್ಲ. ಅವಳೇ ಅಂತಾದ್ರೆ ಮನೆ ಒಸ್ಲು ತುಳಿಸಾಕಿಲ್ಲ."

"ನನಗೆ ಗೊತ್ತಿಲ್ಲ," ಅಂದಳು ನಂದಿತಾ.

"ಗೊತ್ತಾಗೋಗಂಟ ಒಳ್ಗೇ ಇರು." ಚೆಲುವರಾಜು ಹೆಡ್‌ಮಾಸ್ಟರ ತೋಳು ಹಿಡಿದು ಈಚೆಗೆ ಎಳೆದುಕೊಂಡು, ಬಾಗಿಲು ಮುಚ್ಚಿ ಹೊರಗಿನಿಂದ ಚಿಲಕ ಹಾಕಿದ.

ಕೋಣೆಗಿದ್ದದ್ದು ಸರಳು ಹಾಕಿದ ಒಂದೇ ಕಿಟಕಿ. ಪೊಲೀಸರಿಗೆ ಫೋನ್ ಮಾಡೋಣವೆಂದು ಹೊರಟು ಕೈ ತಡೆದಳು. ಅವರೂ ಬಂದು ಕೇಳುವುದು ಅದನ್ನೇ. ಮೈಸೂರಿನ ಗುಂಪಿನ ಅಮೃತೇಶನಿಗೆ ಮಾಡಿದಳು.

ಅವನು ಕೇಳಿ ಗಾಬರಿಯಾದ. "ಹೆಸರು ಹೇಳಿ ಬಸ್ಸು ಹತ್ತಿಬಿಡಿ ನಂದಿತಾ. ನಿಮಗೇನಾದರೂ ಆದರೆ ಯಾರು ಹೊಣೆ? ಕಂಪ್ಯೂಟರಿಗೆ ಬೇರೆ ಊರು ನೋಡೋಣ."

"ನಮಗೆ ಬೇರೆ ಊರಿದೆ, ಅಮೃತೇಶ್. ಅವಳಿಗೆ ಇದೊಂದೇ," ಅಂದು ಫೋನ್ ಇಟ್ಟಳು.

ಕಿಟಕಿಯಿಂದ ನೋಡಿದರೆ ಜಗಲಿಯ ಕಂಬದ ಪಕ್ಕ ಭಾನುಪ್ರಿಯಾ. ಅವಳಮ್ಮ ರಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಹುಡುಗಿ ತಲೆಯೆತ್ತಲಿಲ್ಲ, ದುಪಟ್ಟಾದ ಅಂಚಿನಿಂದ ಒಂದೊಂದೇ ದಾರ ಕೀಳುತ್ತಿದ್ದಳು. ಬೆವರಿಗೆ ನಂದಿತಾಳ ರವಿಕೆ ಬೆನ್ನಿಗಂಟಿತ್ತು. ಕೊನೆಯ ಕಂಪ್ಯೂಟರಿನ ಮುಂದೆ ಕೂತು ಆ ಇಮೇಲನ್ನು ಹುಡುಕಿ ಅಳಿಸಿದಳು. ಅದನ್ನು ಓದುವ ಧೈರ್ಯ ಆಗಲಿಲ್ಲ. ಆಮೇಲೆ ಎದ್ದು ಬಾಗಿಲು ತಟ್ಟಿದಳು.

"ತೆಗೀರಿ. ದೂರು ಹಾಕಿದ್ದು ನಾನೇ."

ಬಾಗಿಲು ತೆರೆಯಿತು. "ನಮ್ಮನೆ ಇಚಾರ ನಿಂಗ್ಯಾಕೆ?" ಅಂದ ಚೆಲುವರಾಜು.

"ಮಕ್ಕಳು ಮಾತಾಡ್ಕೊಳ್ತಿದ್ರು, ಕಿವಿಗೆ ಬಿತ್ತು. ಹುಡುಗಿಗಿನ್ನೂ ವಯಸ್ಸಾಗಿಲ್ಲ. ಅದಕ್ಕೇ ಹಾಕಿದೆ."

ಕೃಷ್ಣಕುಮಾರನ ಬಿಗಿದ ಮುಖ ಸಡಿಲವಾಯಿತು. ತಿರುಗಿ ಮಗಳನ್ನು ನೋಡಿದ. ಆಮೇಲೆ ಎಲ್ಲರಿಗಿಂತ ಗಟ್ಟಿಯಾಗಿ ಬೈದವನೂ ಅವನೇ. ಪೇಟೆಯವಳು, ಮನೆಮುರುಕಿ, ಇನ್ನು ಈ ಊರಿಗೆ ಕಾಲಿಡಬಾರದು. ನಂದಿತಾಳ ಅಪ್ಪನ ನಂಬರು ಇಸಿದುಕೊಂಡು ಫೋನ್ ಮಾಡಿದರು. ಆತ ಬರುವವರೆಗೆ ಗಂಗಾಧರಸ್ವಾಮಿ ಅವಳನ್ನು ತಮ್ಮ ರೂಮಿನಲ್ಲಿ ಕೂರಿಸಿಕೊಂಡು, ತಾವು ಬಾಗಿಲಿಗಡ್ಡವಾಗಿ ಕುರ್ಚಿ ಹಾಕಿಕೊಂಡರು.

ಶಿವರಾಜು ಸ್ಕೂಟರಿನಲ್ಲಿ ಬಂದರು. ಕೈಮುಗಿದು ಜನರ ಬೈಗುಳವನ್ನೆಲ್ಲ ಕೇಳಿಸಿಕೊಂಡು ಮಗಳನ್ನು ಹಿಂದೆ ಹತ್ತಿಸಿಕೊಂಡರು. ನಂಜನಗೂಡು ಹತ್ತಿರವಾದಾಗ ಗಾಡಿ ನಿಧಾನ ಮಾಡಿ ಕೇಳಿದರು: "ನೀನೇನಾ ಮಾಡಿದ್ದು?"

ನಿಜ ಹೇಳಿದರೆ ಶನಿವಾರಗಳು ಉಳಿದರೂ ಉಳಿದಾವು. ಆದರೆ ಮಗಳ ಹೆಸರಿಗಂಟಿದ ಮಸಿ ತೊಳೆಯಲು ಅಪ್ಪ ನಾಳೆಯೇ ಹೋಗಿ ಅಲ್ಲಿ ಹೇಳಿಬಿಡುವವರು. ನಂದಿತಾ ಅವರ ಬೆನ್ನನ್ನು ನೋಡುತ್ತಾ, "ಹೂಂ ಅಪ್ಪಾಜಿ," ಅಂದಳು.

"ಸರಿ. ಇನ್ನು ಹೋಗೋದು ಬೇಡ."

ಕಂಪ್ಯೂಟರುಗಳನ್ನು ಗುಂಪಿನವರು ಕವಲಂದೆ ಕಡೆಯ ಬೇರೊಂದು ಶಾಲೆಗೆ ಸಾಗಿಸಿದರು. ನಂದಿತಾ ಬರಲಾರಳೆಂದು ತಿಳಿದು ಅಮೃತೇಶ್ ಫೋನ್ ಮಾಡುವುದನ್ನೂ ಬಿಟ್ಟ. ಶನಿವಾರ ಬಂದರೆ ಅವಳಿಗೆ ಅಂಗಡಿಯ ಗಾಳಿಯೇ ಸಾಲದು. ಬಾಗಿಲಿಗೆ ಬಂದು ನಿಂತರೆ, "ಒಳಗೆ ಬಾರೇ, ನೋಡಿದೋರು ಏನಂದ್ಕೊಂಡಾರು," ಎಂದು ಅಮ್ಮ ಕರೆಯುವಳು.

ಎಷ್ಟೋ ದಿನದ ಮೇಲೆ ಹೆಡ್‌ಮಾಸ್ಟರೇ ಫೋನ್ ಮಾಡಿದರು. "ಆ ಹುಡುಗಿ ಪರೀಕ್ಷೆಗೆ ಕಟ್ಟಿದಾಳಮ್ಮ. ಅವಳಪ್ಪ ತಾನೇ ಬೈಕಲ್ಲಿ ಬಿಟ್ಟು, ತಾನೇ ಕರ್ಕೊಂಡು ಹೋಗ್ತಾನೆ. ಯಾರ ಜೊತೆಗೂ ನಿಲ್ಲಕ್ಕೆ ಬಿಡಲ್ಲ."

"ಅವಳ ಹತ್ರ ಒಂದು ಮಾತು ಆಡಬಹುದಾ ಸರ್?"

"ಬೇಡ ತಾಯಿ. ಅನುಮಾನ ಬಂದೀತು."

ಫೋನ್ ಇಟ್ಟಾಗ ಶಿವರಾಜು ಎದುರಿಗೇ ನಿಂತಿದ್ದರು. ಯಾರದೆಂದು ಕೇಳಲಿಲ್ಲ. "ಓದ್ತಾ ಇದ್ದಾಳಂತಾ ಆ ಮಗು?" ಅಂದರು.

"ಓದ್ತಾ ಇದ್ದಾಳಂತೆ ಅಪ್ಪಾಜಿ."

ಅವರು ತಲೆಯಾಡಿಸಿದರು. ಶನಿವಾರದ ಮಾತು ಬರಬಹುದೇನೋ ಎಂದು ನಂದಿತಾ ಕಾದಳು. ಅವರು ಚಪ್ಪಲಿ ಮೆಟ್ಟಿಕೊಂಡು ಗೋದಾಮಿನ ಕಡೆ ನಡೆದರು.